ಊರಿನ ಕೋರ್ಟಿನಲ್ಲಿ ಕಲಿತ ವಕೀಲಿ ಪರದೇಶದಲ್ಲಿ ಒದಗುವುದೇ?

ಪ್ರಶ್ನೆ
ಬರೆದವರು: ಉದ್ಯಾವರದ ವಕೀಲ

ವೃತ್ತಿಬಾಂಧವರೆಲ್ಲರಿಗೂ ನಮಸ್ಕಾರ. ನಾನು ಒಂಬತ್ತು ವರ್ಷಗಳಿಂದ ಉಡುಪಿಯ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿದ್ದೇನೆ. ಪಾಲುವಿಭಾಗದ ದಾವೆಗಳು, ದಾರಿ ಮತ್ತು ಗಡಿಯ ತಕರಾರುಗಳು, ಜಮೀನಿನ ಪಕ್ಕದ ಸರಕಾರಿ ಜಾಗವಾದ ಕುಮ್ಕಿಯ ಹಕ್ಕಿನ ಪ್ರಶ್ನೆಗಳು, ಶಾಶ್ವತ ಗೇಣಿಯಾದ ಮೂಲಗೇಣಿಯ ಹಳೆಯ ಪತ್ರಗಳು, ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನ ಕುಟುಂಬಗಳ ಕವರುಗಳ (ಶಾಖೆಗಳ) ಲೆಕ್ಕ, ಇವೇ ನನ್ನ ಕಪಾಟಿನಲ್ಲಿ ತುಂಬಿಕೊಂಡಿವೆ. ನನ್ನ ಹೆಂಡತಿ ನರ್ಸ್. ಆಕೆಗೆ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯೊಂದರಿಂದ ಕೆಲಸದ ಕರೆ ಬಂದಿದೆ. ಆಕೆ ಈ ಅವಕಾಶಕ್ಕಾಗಿ ರಾತ್ರಿ ಪಾಳಿ ಮುಗಿಸಿ ಬಂದು ಪರೀಕ್ಷೆಗೆ ಓದಿದ್ದನ್ನು ನಾನೇ ಕಣ್ಣಾರೆ ಕಂಡವನಾದುದರಿಂದ ಹೋಗಬೇಕೇ ಬೇಡವೇ ಎಂಬುದು ನಮ್ಮ ಮನೆಯಲ್ಲಿ ಪ್ರಶ್ನೆಯಾಗಿ ಉಳಿದಿಲ್ಲ. ಉಳಿದಿರುವುದು, ಅಲ್ಲಿಗೆ ಹೋದ ಮೇಲೆ ನಾನು ಏನಾಗುತ್ತೇನೆ ಎಂಬುದು.

ನನ್ನ ಅಳುಕನ್ನು ನೇರವಾಗಿಯೇ ಹೇಳುತ್ತೇನೆ. ನಾನು ಕಲಿತ ಕಾನೂನಿನ ಬಹುಭಾಗ ಈ ಕರಾವಳಿಯ ಪಟ್ಟಿಯೊಳಗೆ ಮಾತ್ರ ಚಲಾವಣೆಯಲ್ಲಿರುವ ನಾಣ್ಯದಂತೆ ಕಾಣುತ್ತದೆ. 1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದರಿಂದ, ವರ್ಗ ಭೂಮಿ (ಕಂದಾಯ ಕಟ್ಟುವ ಪಟ್ಟಾ ಜಮೀನು) ಎಂದರೇನು, ಅದರ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆಯ ಸವಲತ್ತು ಏಕೆ ಎಂಬುದನ್ನು ಶಿವಮೊಗ್ಗದ ನನ್ನ ಸಹಪಾಠಿ ವಕೀಲನಿಗೂ ಮೊದಲಿನಿಂದ ವಿವರಿಸಬೇಕಾಗುತ್ತದೆ. ಹಾಗಿರುವಾಗ ಇಂಗ್ಲೆಂಡಿನಲ್ಲಿ ಇದನ್ನು ಕೇಳುವವರು ಯಾರು?

ನನ್ನ ತಂದೆ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ನಾನು ಕಚೇರಿಯ ಹಿಂದಿನ ಕೋಣೆಯಲ್ಲಿ ಕುಳಿತು ಕಡತಗಳಿಗೆ ದಾರ ಪೋಣಿಸುತ್ತಿದ್ದೆ. ಹಾಳೆಗಳು ಅದಲುಬದಲಾದರೆ ಒಬ್ಬರ ಮನೆಯೇ ಹೋದೀತು ಎಂದು ಅಪ್ಪ ಹೇಳಿದ್ದನ್ನು ಅಕ್ಷರಶಃ ನಂಬಿ, ಪ್ರತಿ ಹಾಳೆಯ ಸಂಖ್ಯೆಯನ್ನು ಎರಡೆರಡು ಬಾರಿ ನೋಡುತ್ತಿದ್ದೆ. ನಾನು ವಕೀಲನಾದದ್ದಕ್ಕೆ ಆ ದಾರದ ಉಂಡೆಯೇ ಕಾರಣ ಎಂದು ಈಗಲೂ ಅನ್ನಿಸುತ್ತದೆ. ಆದ್ದರಿಂದ ಪರೀಕ್ಷೆ, ಅರ್ಜಿ, ಸನದು ಇತ್ಯಾದಿಗಳ ಜೊತೆಗೆ ಇನ್ನೊಂದನ್ನೂ ತಿಳಿಯಬೇಕೆಂದಿದ್ದೇನೆ. ಬಾಲ್ಯದಲ್ಲಿ ನಿಮ್ಮನ್ನು ಈ ವೃತ್ತಿಯ ಕಡೆಗೆ ಎಳೆದದ್ದು ಏನು, ಊರು ಬಿಟ್ಟ ಮೇಲೂ ಅದು ನಿಮ್ಮ ಕೆಲಸದಲ್ಲಿ ಉಳಿಯಿತೇ? ಸಮಯವಾದಾಗ ದಯವಿಟ್ಟು ಬರೆಯಿರಿ.


ಉತ್ತರ 1
ಬರೆದವರು: ಕಲ್ಯಾಣಪುರದವಳು (ಈಗ ಲೆಸ್ಟರ್)

ತಮ್ಮಾ, ನಿಮ್ಮ ದಾರದ ಉಂಡೆಯನ್ನು ಓದಿ ಬಹಳ ಸಂತೋಷವಾಯಿತು. ಹದಿನಾಲ್ಕು ವರ್ಷ ಉಡುಪಿಯಲ್ಲಿ ವಕೀಲಿ ಮಾಡಿ 2018ರಲ್ಲಿ ಇಲ್ಲಿಗೆ ಬಂದವಳು ನಾನು. ನಿಮ್ಮ ಪ್ರಶ್ನೆಯ ಮುಂದೆ ನಾನೂ ನಿಂತಿದ್ದೆ. ಆದುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಬಾಲ್ಯ. ನಮ್ಮದು ಸ್ವರ್ಣಾ ನದಿಯ ಬದಿಯ ಒಕ್ಕಲು ಮನೆ. ನನ್ನ ಅಜ್ಜ ಚಾಲಗೇಣಿಗೆ, ಅಂದರೆ ಶಾಶ್ವತವಲ್ಲದ ಗೇಣಿಗೆ, ಗದ್ದೆ ಮಾಡುತ್ತಿದ್ದವರು, ವರ್ಷಾವಧಿ ಧಣಿಗಳ ಮನೆಗೆ ಅಕ್ಕಿಮುಡಿ ಹೊತ್ತುಕೊಂಡು ಹೋಗಿ ಗೇಣಿ ಅಳೆದು ಬರುತ್ತಿದ್ದವರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನುಗಳೆಲ್ಲ ಸರಕಾರಕ್ಕೆ ಸೇರಿದ ಮೇಲೆ, ಒಕ್ಕಲುಗಳು 7ನೇ ನಮೂನೆಯಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ತಮ್ಮ ಹಕ್ಕನ್ನು ತೋರಿಸಿಕೊಡಬೇಕಾಗಿತ್ತು. ನಮ್ಮಲ್ಲಿ ಅದನ್ನು ಇಂದಿಗೂ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೇಳುತ್ತಾರೆ. ಆಗ ಕಾಯ್ದೆಯ 48ನೇ ಕಲಮು ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನು ನಿಷೇಧಿಸಿತ್ತು. ಆ ನಿಷೇಧವು ವಕೀಲರನ್ನು ತಡೆಯಲಾರದು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1987ರಲ್ಲಿ. ಹಾಗಾಗಿ ನನ್ನ ಅಜ್ಜ, ಸಹಿ ಹಾಕಲು ಮಾತ್ರ ಕಲಿತಿದ್ದವರು, ತನ್ನ ಮೊಕದ್ದಮೆಯನ್ನು ತಾನೇ ನಡೆಸಿದರು.

ಅವರ ಕೈಯಲ್ಲಿ ಗೇಣಿ ರಶೀದಿ ಒಂದೂ ಇರಲಿಲ್ಲ. ಹಾಗಾದರೆ ಇಷ್ಟು ವರ್ಷ ಗದ್ದೆ ಮಾಡಿದ್ದು ನೀವೇ ಎಂಬುದಕ್ಕೆ ಏನು ಆಧಾರ ಎಂದು ಕೇಳಿದಾಗ ಅಜ್ಜ ಒಂದೊಂದೇ ಗದ್ದೆಯ ಹೆಸರನ್ನು ಹೇಳುತ್ತಾ ಹೋದರಂತೆ. ಯಾವುದು ತಗ್ಗಿನ ಬೈಲು, ಯಾವುದು ನಡುವಿನ ಮಜಲು, ಯಾವುದು ಎತ್ತರದ ಬೆಟ್ಟು. ಎಲ್ಲಿ ಮಳೆಗಾಲದ ಏಣಿಲು ಬೆಳೆ ಮಾತ್ರ, ಎಲ್ಲಿ ಎರಡನೆಯ ಬೆಳೆಯಾದ ಸುಗ್ಗಿಯೂ ಆಗುತ್ತದೆ, ಮೂರನೆಯ ಬೆಳೆಯಾದ ಕೊಳಕೆಗೆ ನೀರು ನಿಲ್ಲುವ ಗದ್ದೆ ಯಾವುದು. ತೋಡಿನ ಕಟ್ಟ ಒಡೆದರೆ ಮೊದಲು ಮುಳುಗುವ ಮೂಲೆ ಯಾವುದು. ಯಾವ ಹುಣಿಯ (ಗದ್ದೆಯ ಬದುವಿನ) ಮೇಲೆ ಕಾಲಿಟ್ಟರೆ ಜಾರುತ್ತದೆ. ಸ್ಥಳ ತನಿಖೆಗೆ ಬಂದವರು ಅವರು ಹೇಳಿದ ಹುಣಿಯ ಮೇಲೆಯೇ ಜಾರಿದರು ಎಂದು ಅಜ್ಜಿ ಹೇಳಿ ನಗುತ್ತಿದ್ದರು. ಅಜ್ಜ ಮಾತ್ರ ಆ ಭಾಗವನ್ನು ಎಂದೂ ಹೇಳಿದವರಲ್ಲ. ಗದ್ದೆ ನಮ್ಮದಾಯಿತು. ಇದೆಲ್ಲ ನಾನು ಹುಟ್ಟುವ ಮೊದಲು ನಡೆದದ್ದಾದರೂ, ಮಳೆಗಾಲದ ಸಂಜೆಗಳಲ್ಲಿ ಚಾವಡಿಯಲ್ಲಿ ಕುಳಿತು ಎಷ್ಟು ಸಲ ಕೇಳಿದ್ದೇನೆಂದರೆ, ಆ ವಿಚಾರಣೆಯಲ್ಲಿ ಅಜ್ಜನ ಪಕ್ಕದಲ್ಲಿ ನಾನೂ ನಿಂತಿದ್ದೆನೆಂದೇ ಚಿಕ್ಕಂದಿನಲ್ಲಿ ನನಗೆ ಅನ್ನಿಸುತ್ತಿತ್ತು.

ಎರಡನೆಯ ಕಾರಣ ತಾಳಮದ್ದಳೆ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಭಜನಾ ಮಂದಿರದ ಜಗಲಿಯಲ್ಲಿ ವಾರಕ್ಕೊಂದು ಕೂಟ ಇರುತ್ತಿತ್ತು. ಬಣ್ಣವಿಲ್ಲ, ವೇಷವಿಲ್ಲ, ಭಾಗವತರ ಪದ್ಯ, ಮದ್ದಳೆ, ಚೆಂಡೆ, ಎದುರುಬದುರು ಕುಳಿತು ಮಾತಿನಲ್ಲಿಯೇ ಪಾತ್ರ ಕಟ್ಟುವ ಅರ್ಥಧಾರಿಗಳು, ಅಷ್ಟೆ. ನನಗೆ ಅತ್ಯಂತ ಪ್ರಿಯವಾಗಿದ್ದದ್ದು ವಾಲಿವಧೆ. ಬಾಣ ನೆಟ್ಟು ನೆಲಕ್ಕೆ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಆ ಭಾಗವನ್ನು ಕೇಳುತ್ತಿದ್ದಾಗ ಮಳೆಯ ಸದ್ದೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನಿನಗೆ ನಾನು ಮಾಡಿದ ಅಪರಾಧವೇನು, ನನ್ನ ತಮ್ಮನ ಜೊತೆಗಿನ ಜಗಳದಲ್ಲಿ ತಲೆಹಾಕಲು ನಿನಗೆ ಅಧಿಕಾರ ಕೊಟ್ಟವರು ಯಾರು, ಮರೆಯಲ್ಲಿ ನಿಂತು ಬಾಣ ಬಿಡುವುದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ಈ ಭೂಮಿ ಇಕ್ಷ್ವಾಕು ವಂಶದವರದು, ಭರತನ ಆಜ್ಞೆ ಇಲ್ಲಿಯೂ ನಡೆಯುತ್ತದೆ, ತಮ್ಮನ ಹೆಂಡತಿಯನ್ನು ಸೆರೆಯಲ್ಲಿಟ್ಟವನಿಗೆ ಶಿಕ್ಷೆ ಕೊಡುವುದು ರಾಜಧರ್ಮ ಎಂದು ರಾಮ ಉತ್ತರಿಸುತ್ತಾನೆ. ನ್ಯಾಯಾಲಯದ ಅಧಿಕಾರವ್ಯಾಪ್ತಿ ಎಂಬ ವಿಷಯವನ್ನು ಮುಂದೆ ಉಡುಪಿಯ ವೈಕುಂಠ ಬಾಳಿಗಾ ಕಾನೂನು ಮಹಾವಿದ್ಯಾಲಯದಲ್ಲಿ ಪಾಠವಾಗಿ ಕೇಳಿದಾಗ, ಇದನ್ನು ವಾಲಿಯ ಬಾಯಿಂದ ಕೇಳಿದ್ದೇನಲ್ಲ ಎಂದು ನನ್ನ ಮನಸ್ಸು ಹಿಗ್ಗಿತ್ತು.

ಕೂಟದಲ್ಲಿ ನನಗೆ ಇನ್ನೊಂದು ಪಾಠವೂ ಸಿಕ್ಕಿತು. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಅದರ ಅತಿ ಬಲವಾದ ಎಳೆಯನ್ನೇ ಹಿಡಿದು ಉತ್ತರಿಸುತ್ತಾನೆ. ದುರ್ಬಲವಾದ ಎಳೆಯನ್ನು ಹಿಡಿದರೆ ಚಪ್ಪಾಳೆ ಬರಬಹುದು, ಪ್ರಸಂಗ ಮೇಲೇಳುವುದಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿದವರು ನನ್ನ ಸೋದರಮಾವ. ಅವರು ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಕೂಟ ಮುಗಿದು ಕೊಡೆಯಡಿ ಮನೆಗೆ ನಡೆಯುವಾಗ, ಈ ದಿನ ಸುಗ್ರೀವ ಎಲ್ಲಿ ಸೋತ ಹೇಳು ನೋಡುವ ಎಂದು ನನ್ನನ್ನು ಕೇಳುತ್ತಿದ್ದರು, ನಾನು ಹೇಳಿದ್ದು ತಪ್ಪಾದರೂ ಕೊನೆಯವರೆಗೆ ಕೇಳುತ್ತಿದ್ದರು.

ಈಗ ಪರದೇಶದ ವಿಷಯ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಕಕ್ಷಿದಾರರೊಂದಿಗೆ ನೇರವಾಗಿ ವ್ಯವಹರಿಸುವ ವಕೀಲ) ಆಗಲು 2021ರಿಂದ ಎಸ್‌ಕ್ಯುಇ ಎಂಬ ಪರೀಕ್ಷೆ ಬಂದಿದೆ. ಮೊದಲ ಭಾಗದಲ್ಲಿ 180ರಂತೆ ಎರಡು ದಿನ ಒಟ್ಟು 360 ಪ್ರಶ್ನೆಗಳು, ಎಲ್ಲವೂ ಐದು ಉತ್ತರಗಳಲ್ಲಿ ಒಂದನ್ನು ಆರಿಸುವಂಥವು. ಎರಡನೆಯ ಭಾಗದಲ್ಲಿ 16 ಕಾರ್ಯಗಳು. ಅವುಗಳಲ್ಲಿ 12 ಬರವಣಿಗೆಯವು, ನಾಲ್ಕು ಮಾತಿನವು. ಇಲ್ಲಿ ಓದಿದ ಹುಡುಗರಿಗೆ ಇದರ ಜೊತೆ ಎರಡು ವರ್ಷಗಳ ಕೆಲಸದ ಅನುಭವವೂ ಬೇಕು. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾಗಿರುವವರಿಗೆ ಆ ಶರತ್ತು ಇಲ್ಲ, ಆದ್ದರಿಂದ ನಿಮ್ಮ ಸನದಿಗೆ ಬೆಲೆ ಇದೆ. ಹೊರಡುವ ಮೊದಲು ರಾಜ್ಯ ವಕೀಲರ ಪರಿಷತ್ತಿನಿಂದ ನಿಮ್ಮ ನೋಂದಣಿ ಮತ್ತು ನಡತೆಯ ಪ್ರಮಾಣಪತ್ರವನ್ನು ತೆಗೆದಿಟ್ಟುಕೊಳ್ಳಿ, ಇಲ್ಲಿ ಕುಳಿತು ತರಿಸಿಕೊಳ್ಳುವುದು ಬಹಳ ಕಷ್ಟ. ಇಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿನ ವಕೀಲಿಯನ್ನು ಸ್ವಇಚ್ಛೆಯಿಂದ ಅಮಾನತಿನಲ್ಲಿಡುವಂತೆ ಪರಿಷತ್ತಿಗೆ ಬರೆಯಬೇಕಾಗುತ್ತದೆ. ವಕೀಲನಾದವನು ಪೂರ್ಣಾವಧಿಯ ಸಂಬಳದ ಉದ್ಯೋಗದಲ್ಲಿರುವಂತಿಲ್ಲ ಎಂಬ ನಿಯಮ ನಿಮಗೆ ಗೊತ್ತೇ ಇದೆ. ಆ ಪತ್ರವನ್ನು ಅಂಚೆಗೆ ಹಾಕಿದ ದಿನ ನನಗೆ ಊಟ ಸೇರಲಿಲ್ಲ. ಸನದು ರದ್ದಾಗುವುದಿಲ್ಲ, ಮತ್ತೆ ಎಬ್ಬಿಸಿಕೊಳ್ಳಬಹುದು ಎಂಬುದನ್ನು ಬುದ್ಧಿ ಒಪ್ಪಿತ್ತಾದರೂ ಮನಸ್ಸು ಒಪ್ಪಲು ವರ್ಷವೇ ಹಿಡಿಯಿತು.

ಪರೀಕ್ಷೆಯ ಮಾತಿನ ಭಾಗದಲ್ಲಿ ಕಕ್ಷಿದಾರರ ಸಂದರ್ಶನ ಎಂಬುದೊಂದಿದೆ. ಪರೀಕ್ಷಕರೇ ಕಕ್ಷಿದಾರರಾಗಿ ಎದುರು ಕುಳಿತುಕೊಳ್ಳುತ್ತಾರೆ. ಅವರು ತಮ್ಮ ಸಂಕಟವನ್ನು ಅಡ್ಡಾದಿಡ್ಡಿಯಾಗಿ ಹೇಳುತ್ತಾರೆ, ನಾವು ತಡೆಯದೆ ಕೇಳಿ, ಮುಖ್ಯವಾದದ್ದನ್ನು ಹೆಕ್ಕಿ, ಅವರ ನಂಬಿಕೆಯನ್ನು ಗಳಿಸಬೇಕು. ಇದಕ್ಕಾಗಿ ನನ್ನ ಜೊತೆಗಿನ ತರುಣರು ತರಬೇತಿ ತೆಗೆದುಕೊಳ್ಳುತ್ತಿದ್ದರು. ಶಂಕರಪುರದಿಂದ ಮಲ್ಲಿಗೆಯ ಚೆಂಡುಗಳ ಜೊತೆಗೇ ನಮ್ಮ ಕಚೇರಿಗೆ ಬಂದು, ಬಾವಿಯ ನೀರಿನ ಜಗಳವನ್ನು ಹೇಳಲು ಮೂರು ತಲೆಮಾರಿನ ಹಿಂದಿನ ಮದುವೆಯಿಂದ ಶುರು ಮಾಡುತ್ತಿದ್ದ ಹೆಂಗಸರನ್ನು ಹದಿನಾಲ್ಕು ವರ್ಷ ಕೇಳಿದ್ದ ನನಗೆ, ಅತಿ ಹೆಚ್ಚು ಅಂಕ ಬಂದದ್ದು ಆ ಭಾಗದಲ್ಲಿಯೇ.

ನಾನೀಗ ಮಾಡುತ್ತಿರುವುದು ಬಾಡಿಗೆ ಮನೆಯವರ ಪ್ರಕರಣಗಳನ್ನು. ಮನೆ ಖಾಲಿ ಮಾಡಿಸುವ ಅರ್ಜಿಗಳು ಕೌಂಟಿ ಕೋರ್ಟಿನಲ್ಲಿ ಬೆಳಿಗ್ಗೆ ಸಾಲಾಗಿ ಕರೆಯಲ್ಪಡುತ್ತವೆ, ಒಂದೊಂದಕ್ಕೆ ಹತ್ತು ನಿಮಿಷ ಸಿಕ್ಕಿದರೆ ಹೆಚ್ಚು. ಒಮ್ಮೆ ಇಬ್ಬರು ಮಕ್ಕಳ ತಾಯಿಯೊಬ್ಬರಿಗೆ, 1988ರ ಹೌಸಿಂಗ್ ಆ್ಯಕ್ಟಿನ 21ನೇ ಕಲಮಿನಡಿ, ಕಾರಣವನ್ನೇ ಹೇಳದೆ ಎರಡು ತಿಂಗಳ ನೋಟಿಸು ಬಂದಿತ್ತು. ಬಾಡಿಗೆದಾರರ ಮುಂಗಡ ಹಣವನ್ನು ಪಡೆದ 30 ದಿನಗಳೊಳಗೆ ಮಾನ್ಯತೆ ಪಡೆದ ಯೋಜನೆಯಲ್ಲಿ ಭದ್ರವಾಗಿ ಇಡದಿದ್ದರೆ ಅಂಥ ನೋಟಿಸು ನಿಲ್ಲುವುದಿಲ್ಲ ಎಂಬುದು ಆಗಿನ ನಿಯಮವಾಗಿತ್ತು. ಕಾಗದಗಳ ಕಟ್ಟನ್ನು ಅವರು ಒಂದು ತರಕಾರಿ ಚೀಲದಲ್ಲಿ ತಂದಿದ್ದರು. ತಾರೀಕುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದಾಗ ಹಣ ಇಟ್ಟದ್ದು 30 ದಿನ ಕಳೆದ ಎಷ್ಟೋ ದಿನಗಳ ಮೇಲೆ ಎಂದು ಕಂಡಿತು. ಅವರು ಮನೆಯಲ್ಲಿಯೇ ಉಳಿದರು. ಪಹಣಿ, ಹಳೆಯ ಅಡಂಗಲ್ಲು, ಕ್ರಯಪತ್ರಗಳ ತಾರೀಕುಗಳನ್ನು ಬೆರಳಿಟ್ಟು ಓದಿ ಪಳಗಿದ ಕಣ್ಣಿಗೆ ಅದು ಹೊಸ ಕೆಲಸವಾಗಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಮನೆಗೆ ಬರುತ್ತಾ ನನಗೆ ನೆನಪಾದದ್ದು ರಶೀದಿ ಇಲ್ಲದೆ ಗೆದ್ದ ಅಜ್ಜ.

ನಿಮ್ಮ ಕುಮ್ಕಿ ಇಲ್ಲಿ ಯಾರಿಗೂ ಬೇಡ, ಅದು ನಿಜ. ಆದರೆ ಕುಮ್ಕಿಯ ಮೊಕದ್ದಮೆ ನಡೆಸುವಾಗ ನೀವು ಬೆಳೆಸಿಕೊಂಡ ಗುಣಗಳು ಇಲ್ಲಿಗೆ ಬಂದೇ ಬರುತ್ತವೆ.


ಉತ್ತರ 2
ಬರೆದವರು: ಉಳ್ಳಾಲ, ದುಬೈ

ಇಂಗ್ಲೆಂಡಿನ ವಿಚಾರದಲ್ಲಿ ಮೇಲಿನ ಅಕ್ಕ ಬರೆದುದಕ್ಕೆ ನಾನು ಸೇರಿಸುವುದೇನೂ ಇಲ್ಲ. ಕೊಲ್ಲಿಯ ದಾರಿಯನ್ನೂ ಯಾರಾದರೂ ಯೋಚಿಸುತ್ತಿದ್ದರೆ ತಿಳಿದಿರಲಿ ಎಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ನಮ್ಮ ಕೇರಿಯಲ್ಲಿ ಪ್ರತಿ ಎರಡನೆಯ ಮನೆಯ ಗಂಡಸರು ಕೊಲ್ಲಿಯಲ್ಲಿದ್ದರು. ಆರನೆಯ ತರಗತಿಯಲ್ಲಿ ನನ್ನ ಕನ್ನಡ ಬರವಣಿಗೆ ದುಂಡಗಿತ್ತಾದ್ದರಿಂದ, ನೆರೆಮನೆಯ ತಾಯಂದಿರೂ ಅತ್ತಿಗೆಯರೂ ತಮ್ಮ ಗಂಡಂದಿರಿಗೆ ಕಾಗದ ಬರೆಸಲು ನನ್ನನ್ನು ಕರೆಯುತ್ತಿದ್ದರು. ಅವರು ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಒಮ್ಮೆ, ಬೇಸರವಾಗುತ್ತದೆ ಎಂದು ಒಬ್ಬರು ಹೇಳಿದ್ದನ್ನು ನಾನು ಚೆಂದಕ್ಕಾಗಿ ಬಹಳ ಬೇಸರವಾಗುತ್ತದೆ ಎಂದು ಬರೆದೆ. ಅದನ್ನು ಓದಿದ ಗಂಡ ಏನಾಯಿತೋ ಎಂದು ಗಾಬರಿಯಿಂದ ಮುಂದಿನ ವಾರವೇ ಅಂಗಡಿಯೊಂದರ ಫೋನಿಗೆ ಕರೆ ಮಾಡಿದ್ದರು. ಹೇಳಿದವರು ಹೇಳಿದಷ್ಟನ್ನೇ ಬರೆಯಬೇಕು, ಒಂದು ಪದವನ್ನೂ ಕೂಡಿಸಬಾರದು, ಬಿಡಬಾರದು ಎಂಬುದನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲಿ ಕಲಿತೆ. ಈಗ ನನ್ನ ಉದ್ಯೋಗವೇ ಕರಾರುಪತ್ರಗಳನ್ನು ಬರೆಯುವುದು.

ಯುಎಇಯ ಸಾಮಾನ್ಯ ನ್ಯಾಯಾಲಯಗಳ ಭಾಷೆ ಅರಬ್ಬಿ. ಅಲ್ಲಿ ನಿಂತು ವಾದಿಸುವವರು ಬಹುಮಟ್ಟಿಗೆ ಆ ದೇಶದ ವಕೀಲರೇ. ನಮ್ಮಂಥವರು ಪರವಾನಿಗೆ ಪಡೆದು ಕಾನೂನು ಸಲಹೆಗಾರರಾಗಿ ದುಡಿಯುತ್ತೇವೆ. ದುಬೈಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದ ಡಿಐಎಫ್‌ಸಿ ನ್ಯಾಯಾಲಯಗಳಲ್ಲಾದರೋ ಇಂಗ್ಲಿಷ್ ಭಾಷೆ, ಇಂಗ್ಲಿಷ್ ಮಾದರಿಯ ಕಾನೂನು. 2020ರ ಜನವರಿಯಲ್ಲಿ ಭಾರತ ಸರಕಾರವು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಯುಎಇಯನ್ನು ಸೇರಿಸಿಕೊಂಡ ಮೇಲೆ, ಇಲ್ಲಿನ ಡಿಕ್ರಿಯನ್ನು ಮಂಗಳೂರಿನ ಜಿಲ್ಲಾ ನ್ಯಾಯಾಲಯದಲ್ಲಿಯೇ ಜಾರಿಗೆ ಹಾಕಲು ದಾರಿಯಾಯಿತು. ಅಂದಿನಿಂದ ನನ್ನ ಮೇಜಿನ ಮೇಲೆ ಎರಡೂ ಊರಿನ ಕಾಗದಗಳು ಒಟ್ಟಿಗೇ ಇರುತ್ತವೆ. ಊರಿನ ಜಾಗದ ಅಧಿಕಾರಪತ್ರಗಳಂತೂ ವಾರಕ್ಕೆ ನಾಲ್ಕೈದು. ಭಾರತೀಯ ದೂತಾವಾಸದ ದೃಢೀಕರಣವಾದ ಮೇಲೆ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಮರೆತು ಪೆಟ್ಟಿಗೆಯಲ್ಲಿಟ್ಟುಕೊಂಡು ತೊಂದರೆಗೆ ಸಿಲುಕಿದವರನ್ನು ಎಷ್ಟೋ ಕಂಡಿದ್ದೇನೆ. ಉದ್ಯಾವರದ ವಕೀಲರೇ, ನೀವು ಎಲ್ಲಿಗೇ ಹೋದರೂ ಅಲ್ಲಿರುವ ನಮ್ಮ ಊರಿನವರು ಮೊದಲು ಕೇಳುವುದು ತಮ್ಮ ಊರಿನ ಜಾಗದ ಬಗ್ಗೆಯೇ. ಮೂಲಗೇಣಿಯನ್ನು ಬಲ್ಲವರಿಗೆ ಇಲ್ಲಿ ಬಿಡುವೇ ಸಿಗುವುದಿಲ್ಲ.


ಉತ್ತರ 3
ಬರೆದವರು: ಕೊಡಿಯಾಲಬೈಲಿನ ಹಿರಿಯ ವಕೀಲ

ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಮಂಗಳೂರಿನ ನ್ಯಾಯಾಲಯದಲ್ಲಿಯೇ ಕಳೆದವನು ನಾನು. ಊರು ಬಿಡುವ ಅವಕಾಶ ಬಂದಿರಲಿಲ್ಲವೆಂದಲ್ಲ, ಬಿಡಬೇಕೆಂದು ಅನ್ನಿಸಲಿಲ್ಲ. ಆದರೂ ಹೋಗುವವರನ್ನು ಕಂಡರೆ ನನಗೆ ಹೆಮ್ಮೆ.

ಪ್ರಶ್ನೆ ಕೇಳಿದವರ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಕರಾವಳಿಯ ಭೂಮಿಯ ಕಾನೂನು ಇಲ್ಲಿ ಮಾತ್ರ ಚಲಾವಣೆಯಲ್ಲಿರುವ ನಾಣ್ಯವೆಂದಿರಿ. ಕಾಸರಗೋಡಿನ ಎಡನೀರು ಮಠದ ಭೂಮಿಗೆ ಕೇರಳದ ಭೂಸುಧಾರಣಾ ಕಾನೂನು ತಗಲಿದ್ದರಿಂದಲ್ಲವೇ ಕೇಶವಾನಂದ ಭಾರತೀ ಸ್ವಾಮೀಜಿಯವರು ಸುಪ್ರೀಂ ಕೋರ್ಟಿಗೆ ಹೋದದ್ದು? 13 ನ್ಯಾಯಮೂರ್ತಿಗಳು ಕುಳಿತು ಕೇಳಿ, 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಅಳಿಸಲಾಗದು ಎಂದರು. ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳದ ಕಡೆಯ ಕೌಡೂರಿನಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆಯವರು. ಬಾಂಗ್ಲಾದೇಶದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಅದೇ ತತ್ತ್ವವನ್ನು ತನ್ನದಾಗಿಸಿಕೊಂಡಿತು. ಮಠವೊಂದರ ಗೇಣಿ ಭೂಮಿಯ ತಕರಾರು ಅಷ್ಟು ದೂರ ಪ್ರಯಾಣ ಮಾಡಿತು. ತಾಳಮದ್ದಳೆಯನ್ನು ನೆನೆದ ಕಲ್ಯಾಣಪುರದ ತಂಗಿಗೆ ಇನ್ನೊಂದು ಮಾತು: ಆ ಸ್ವಾಮೀಜಿಯವರು ಯಕ್ಷಗಾನದ ದೊಡ್ಡ ಪೋಷಕರೂ ಆಗಿದ್ದರು, ಹಾಡುಗಾರರೂ ಆಗಿದ್ದರು.

ಹೊರದೇಶಕ್ಕೆ ಹೋದ ನಮ್ಮವರಲ್ಲಿ ನಾನು ಯಾವಾಗಲೂ ನೆನೆಯುವುದು ಬೆನಗಲ್ ನರಸಿಂಗ ರಾಯರನ್ನು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಕೇಂಬ್ರಿಜಿಗೆ ಹೋದವರು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದರು, ಬರ್ಮಾದ ಸಂವಿಧಾನಕ್ಕೂ ನೆರವಾದರು, ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, 1953ರಲ್ಲಿ ಜೂರಿಕ್ಕಿನಲ್ಲಿ ತೀರಿಕೊಂಡರು. ಇಂದು ಮಂಗಳೂರಿನ ಕಾನೂನು ವಿದ್ಯಾರ್ಥಿಗಳಲ್ಲಿ ಅವರ ಹೆಸರನ್ನು ಕೇಳಿದರೆ ಅರ್ಧದಷ್ಟು ಮಕ್ಕಳಾದರೂ ಉತ್ತರಿಸುವಂತಾಗಬೇಕು ಎಂಬುದು ನನ್ನ ಬಹುದಿನದ ಆಸೆ.

ನನ್ನ ಬಾಲ್ಯವನ್ನೂ ಹೇಳಬೇಕಲ್ಲ. ನಮ್ಮ ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಮೀನು ತರುವ ಬ್ಯಾರಿಯವರ ಜೊತೆ ಅವರ ಮಾತು, ಶಾಲೆಯಲ್ಲಿ ಕನ್ನಡ. ಯಾರ ಜೊತೆ ಯಾವ ಭಾಷೆ ಎಂಬುದನ್ನು ಯಾರೂ ಹೇಳಿಕೊಟ್ಟವರಿಲ್ಲ, ಕಿವಿಯೇ ತೀರ್ಮಾನಿಸುತ್ತಿತ್ತು. ಈ ಕಿವಿ ನನಗೆ ವೃತ್ತಿಯಲ್ಲಿ ಎಷ್ಟು ಉಪಕಾರ ಮಾಡಿತೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಇದನ್ನು ನಮ್ಮ ತರುಣ ವಕೀಲರು ಈಚೆಗೆ ಗಮನಿಸುತ್ತಿಲ್ಲ.

ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ತುಳುವಿನಲ್ಲಿ ಮಾತನಾಡುತ್ತಾರೆ, ಬರೆದುಕೊಳ್ಳುವುದು ಕನ್ನಡದಲ್ಲಿ. ಕನ್ನಡದಲ್ಲಿ ‘ನಾವು’ ಎಂಬುದು ಒಂದೇ. ತುಳುವಿನಲ್ಲಿ ಎರಡಿವೆ. ಎದುರಿಗಿರುವ ನಿಮ್ಮನ್ನೂ ಸೇರಿಸಿಕೊಂಡು ಹೇಳುವಾಗ ‘ನಮ’, ನಿಮ್ಮನ್ನು ಬಿಟ್ಟು ಹೇಳುವಾಗ ‘ಎಂಕುಲು’. ಬಹಳ ವರ್ಷಗಳ ಹಿಂದೆ ಒಂದು ಗಡಿ ತಕರಾರಿನಲ್ಲಿ, ಮುದುಕರಾದ ಪ್ರತಿವಾದಿಯೊಬ್ಬರು ಸಾಕ್ಷಿಕಟ್ಟೆಯಿಂದಲೇ ಎದುರು ಕುಳಿತಿದ್ದ ವಾದಿಯ ಕಡೆಗೆ ತಿರುಗಿ, ಬೇಲಿ ಹಾಕುವ ದಿನ ನಾವು ಅಲ್ಲಿದ್ದೆವಲ್ಲ ಎಂಬರ್ಥದಲ್ಲಿ ಮಾತನಾಡಿದರು. ಅವರು ಹೇಳಿದ್ದು ‘ನಮ’. ಅಂದರೆ, ನೀನೂ ನಾನೂ ಇಬ್ಬರೂ ಇದ್ದೆವು. ಬರಹದಲ್ಲಿ ಅದು ಬರಿಯ ‘ನಾವು’ ಆಗಿಹೋಯಿತು. ಅದನ್ನು ಓದಿದವರಿಗೆ ಪ್ರತಿವಾದಿಯೂ ಅವರ ಮನೆಯವರೂ ಇದ್ದರು ಎಂದಷ್ಟೇ ತಿಳಿಯುತ್ತಿತ್ತು. ವಾದಿಯ ಸಮಕ್ಷಮದಲ್ಲಿ ಬೇಲಿ ಹಾಕಿದ್ದು ಎಂಬುದೇ ನಮ್ಮ ವಾದದ ಜೀವವಾಗಿತ್ತು. ನಾನು ಎದ್ದು ನಿಂತು ವಿನಂತಿಸಿದೆ, ನ್ಯಾಯಾಧೀಶರು ಘಟ್ಟದ ಮೇಲಿನವರಾದರೂ ತಾಳ್ಮೆಯಿಂದ ಕೇಳಿ, ಸಾಕ್ಷಿಯನ್ನೇ ಮತ್ತೆ ವಿಚಾರಿಸಿ, ‘ವಾದಿಯೂ ನಾನೂ’ ಎಂದು ಬರೆಸಿದರು. ಆ ಮೊಕದ್ದಮೆ ಅದೊಂದು ಮಾತಿನ ಮೇಲೆ ನಿಂತಿತು.

ಲೆಸ್ಟರಿನಲ್ಲಾಗಲಿ ದುಬೈಯಲ್ಲಾಗಲಿ ದುಭಾಷಿಯ ಮೂಲಕ ಮಾತನಾಡುವ ಕಕ್ಷಿದಾರರು ಇದ್ದೇ ಇರುತ್ತಾರೆ. ಅನುವಾದದಲ್ಲಿ ಏನೋ ಬಿಟ್ಟುಹೋಗಿರಬಹುದೆಂಬ ಎಚ್ಚರ ನಮ್ಮ ಊರಿನಲ್ಲಿ ಬೆಳೆದವರಿಗೆ ಹುಟ್ಟಿನಿಂದಲೇ ಇರುತ್ತದೆ.

ಕೊನೆಗೆ ಒಂದು ಕಟ್ಟುನಿಟ್ಟಿನ ಮಾತು. ಹೋಗುವ ಮೊದಲು ನಿಮ್ಮ ಕಡತಗಳ ಕಡೆಗೆ ನೋಡಿ. ಪ್ರತಿಯೊಬ್ಬ ಕಕ್ಷಿದಾರರನ್ನೂ ಕರೆಸಿ, ಮುಂದಿನ ವಾಯಿದೆಯ ತಾರೀಕನ್ನೂ ಬಾಕಿ ಉಳಿದ ಕೆಲಸವನ್ನೂ ಬರೆದುಕೊಟ್ಟು, ಅವರು ಆರಿಸಿದ ವಕೀಲರ ವಕಾಲತ್ತಿಗೆ ನಿಮ್ಮ ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಿ, ಮೂಲಪತ್ರಗಳನ್ನು ಎಣಿಸಿ ಕೊಟ್ಟು ರಶೀದಿ ಪಡೆಯಿರಿ. ಜೂನಿಯರ್ ನೋಡಿಕೊಳ್ಳುತ್ತಾನೆ ಎಂದು ಹೇಳಿ ವಿಮಾನ ಹತ್ತಿದವರ ಕಕ್ಷಿದಾರರು, ದಾವೆ ವಜಾ ಆದ ಮೇಲೆ ಅಳುತ್ತಾ ನನ್ನ ಕಚೇರಿಗೆ ಬಂದದ್ದುಂಟು. ಗುಮಾಸ್ತರ ಮಗನಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.


ಉತ್ತರ 4
ಬರೆದವರು: ಕಲ್ಯಾಣಪುರದವಳು (ಈಗ ಲೆಸ್ಟರ್)

ಹಿರಿಯರ ‘ನಮ’ ಮತ್ತು ‘ಎಂಕುಲು’ ಓದಿ ಕಣ್ಣು ತುಂಬಿ ಬಂತು. ಇಲ್ಲಿ ಗುಜರಾತಿಗಳು ಬಹಳ. ಗುಜರಾತಿಯಲ್ಲಿಯೂ ಇದೇ ರೀತಿ ‘ಆಪಣೇ’ ಮತ್ತು ‘ಅಮೇ’ ಎಂದು ಎರಡು ‘ನಾವು’ ಇವೆ ಎಂಬುದನ್ನು ಒಬ್ಬ ಕಕ್ಷಿದಾರರಿಂದಲೇ ನಾನು ತಿಳಿದುಕೊಂಡದ್ದು. ಮನೆಯೊಡೆಯನೊಂದಿಗೆ ಏನು ಮಾತಾಯಿತೆಂದು ಅವರು ಹೇಳುತ್ತಿದ್ದಾಗ ಇಂಗ್ಲಿಷಿನ ಒಂದೇ ಪದ ಸಾಲದೆ ಹೋಯಿತು. ನಮ್ಮ ತುಳುವಿನಲ್ಲಿಯೂ ಹಾಗೆಯೇ ಎಂದೆ. ಆ ವೃದ್ಧೆ ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದವರು ಹಿಂದಕ್ಕೆ ಒರಗಿ ಕುಳಿತು ಮೊದಲಿನಿಂದ ಎಲ್ಲವನ್ನೂ ಹೇಳಿದರು.

ತಮ್ಮಾ, ಒಂದು ಸಣ್ಣ ಸೂಚನೆ. ಕರಿ ಕೋಟನ್ನು ತಂದುಬಿಡಿ. ಊರಿನ ಏಪ್ರಿಲ್, ಮೇ ತಿಂಗಳಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕೋಟಿಲ್ಲದೆ ನಿಲ್ಲಲು ನಿಯಮವೇ ಅವಕಾಶ ಕೊಡುತ್ತದೆ. ಇಲ್ಲಿನ ಜನವರಿಗೆ ಅದು ಒಂದೇ ಸಾಲದು. ಒಳಗಿನಿಂದ ಒಂದು ಉಣ್ಣೆಯ ಅಂಗಿ ಹಾಕಿಕೊಳ್ಳುವಷ್ಟು ಸಡಿಲವಾಗಿ ಹೊಲಿಸಿಕೊಳ್ಳಿ.


ಪ್ರಶ್ನೆ ಕೇಳಿದವರ ಮರುನುಡಿ
ಬರೆದವರು: ಉದ್ಯಾವರದ ವಕೀಲ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಕ ಬರೆದದ್ದನ್ನು ನನ್ನ ಹೆಂಡತಿಗೂ ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಗದ್ದೆಗಳ ಹೆಸರು ಬಂದಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದು ಎಂದರು. ಪರಿಷತ್ತಿನ ಪ್ರಮಾಣಪತ್ರಕ್ಕೆ ಈ ವಾರವೇ ಅರ್ಜಿ ಹಾಕುತ್ತೇನೆ, ಪರೀಕ್ಷೆಯ ಮೊದಲ ಭಾಗದ ಪುಸ್ತಕಗಳನ್ನು ಇಲ್ಲಿಂದಲೇ ಓದಲು ಶುರು ಮಾಡುತ್ತೇನೆ.

ಹಿರಿಯರು ಹೇಳಿದಂತೆ ನಿನ್ನೆ ರಾತ್ರಿ ಕಡತಗಳ ಪಟ್ಟಿ ಮಾಡಲು ಕುಳಿತೆ. ಒಟ್ಟು 112 ಇವೆ. ಒಂದೊಂದನ್ನೇ ತೆರೆದು ವಾಯಿದೆಯ ತಾರೀಕು ಬರೆಯುತ್ತಾ ಹೋಗುತ್ತಿದ್ದವನು ಒಂದು ಪಾಲುವಿಭಾಗದ ದಾವೆಯಲ್ಲಿ ನಿಂತೆ. ಅಣ್ಣ ವಾದಿ, ತಂಗಿ ಪ್ರತಿವಾದಿ. ನಾನು ತಂಗಿಯ ಪರ. ಅಣ್ಣನ ಪಾಟೀಸವಾಲಿನಲ್ಲಿ ಒಂದು ವಾಕ್ಯವಿದೆ: ‘ತಂದೆಯವರು ಪತ್ರ ಬರೆಸಿದ ದಿನ ನಾವು ಜೊತೆಗೆ ಹೋಗಿದ್ದೆವು.’ ಆತ ಅಂದು ಮಾತನಾಡಿದ್ದು ತುಳುವಿನಲ್ಲಿ. ತಂಗಿ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದಳು, ಆತ ಆಕೆಯ ಕಡೆ ನೋಡಿಯೇ ಹೇಳಿದಂತೆ ನನಗೆ ನೆನಪು. ಆದರೆ ಹೇಳಿದ್ದು ‘ನಮ’ ಎಂದೋ ‘ಎಂಕುಲು’ ಎಂದೋ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆಕೆಯನ್ನು ಬಿಟ್ಟು ಗಂಡುಮಕ್ಕಳಷ್ಟೇ ಹೋಗಿದ್ದರೆ ಆ ಪತ್ರದ ಬಗ್ಗೆ ನಮ್ಮ ಆಕ್ಷೇಪಣೆಗೆ ಬಲ ಬರುತ್ತದೆ, ಆಕೆಯೂ ಹೋಗಿದ್ದರೆ ನಮ್ಮ ಆಕ್ಷೇಪಣೆಯೇ ಬಿದ್ದುಹೋಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಅದು ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು. ಬೆಳಿಗ್ಗೆಯೇ ನನ್ನ ಕಕ್ಷಿದಾರಳಿಗೆ ಫೋನು ಮಾಡಿ ಎರಡೂ ಸಾಧ್ಯತೆಗಳನ್ನು ತಿಳಿಸಿದೆ. ನಾನು ಹೋಗಿರಲಿಲ್ಲ ವಕೀಲರೇ, ಅಣ್ಣನನ್ನೇ ಕೇಳಿ, ಅವನು ಸುಳ್ಳು ಹೇಳುವುದಿಲ್ಲ ಎಂದಳು.

ಸಾಕ್ಷಿಯನ್ನು ಮತ್ತೆ ಕರೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 17ನೇ ನಿಯಮದಡಿ ಅರ್ಜಿಯನ್ನು ಸಿದ್ಧಪಡಿಸಿದ್ದೇನೆ. ವಾಯಿದೆ ಮುಂದಿನ ಮಂಗಳವಾರ. ಆ ಕಡತವನ್ನು ಇನ್ನೊಬ್ಬರ ಕೈಗೆ ಕೊಡುವುದು ಅದರ ಮೇಲೆಯೇ.